ಕಂಪ್ಯೂಟರ್ ಕೊಂಡರೆ ಸಾಕೇ? ವಿಂಡೋಸ್‌ಗೆ ದುಡ್ಡೆಲ್ಲಿ?

ಹುಣಸೂರು ತಾಲ್ಲೂಕಿನ ನಮ್ಮ ಕಟ್ಟೆಮಳಲವಾಡಿಯನ್ನು ಹೊರಗಿನವರು ಗುರುತಿಸುವುದು ತಂಬಾಕು ಹರಾಜು ಮಾರುಕಟ್ಟೆಯಿಂದ. ಹೊಗೆಸೊಪ್ಪಿನ ದುಡ್ಡು ಕೈಸೇರಿದ ಮೇಲೆಯೇ ಇಲ್ಲಿನ ಮನೆಗಳಿಗೆ ದೊಡ್ಡ ವಸ್ತುಗಳು ಬರುವುದು. ಈಗೀಗ ಆ ಪಟ್ಟಿಯಲ್ಲಿ ಮಕ್ಕಳ ಓದಿಗೆಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೂಡ ಸೇರಿದೆ. ಆದರೆ ಅದನ್ನು ಓಡಿಸುವ ಆಪರೇಟಿಂಗ್ ಸಿಸ್ಟಂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ವಿಂಡೋಸ್ 11 ಹೋಂ ಅನ್ನು ಬಿಡಿಯಾಗಿ ಕೊಂಡರೆ 10 ಸಾವಿರ ರೂಪಾಯಿ ದಾಟುತ್ತದೆ. 2025–26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ 27 ದಿನ ಮಣ್ಣು ಹೊತ್ತರೂ ಸಾಲದು! ಹಾಗಾಗಿಯೇ ಹೆಚ್ಚಿನವರು ಅಂಗಡಿಯಲ್ಲಿ ಕೆಲವು ನೂರು ರೂಪಾಯಿ ಕೊಟ್ಟು ಕಳ್ಳಪ್ರತಿ ಹಾಕಿಸಿಕೊಳ್ಳುತ್ತಾರೆ.

ಈ ಅಗ್ಗದ ದಾರಿ ದುಬಾರಿಯಾಗಬಲ್ಲದು. ಕ್ರ್ಯಾಕ್ ಫೈಲ್‌ಗಳ ಜೊತೆ ಕುತಂತ್ರಾಂಶ ನುಸುಳುವುದುಂಟು. ಉದ್ಯೋಗಾಕಾಂಕ್ಷಿಗಳಾದ ನಮ್ಮ ಆಧಾರ್, ಅಂಕಪಟ್ಟಿ, ಬ್ಯಾಂಕ್ ವಿವರಗಳೆಲ್ಲ ಇರುವುದು ಅದೇ ಯಂತ್ರದಲ್ಲಿ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ತಿಳಿದೂ ನಕಲಿ ತಂತ್ರಾಂಶ ಬಳಸುವುದು ಅಪರಾಧ. ಲಾಭಕ್ಕಾಗಿ ಅಲ್ಲದಿದ್ದರೂ 50 ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಜೊತೆಗೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಇಂಟೆಲ್ ಪ್ರೊಸೆಸರ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ನಮ್ಮಂಥವರು ಕೊಳ್ಳುವುದೋ ಇಂಥ ಹಳೆಯ ಯಂತ್ರಗಳನ್ನೇ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ದುಡ್ಡು ಕೊಡುವ ಮುನ್ನ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಟಿವೇಷನ್’ ನೋಡಿ. ಕಂಪನಿಯೇ ವಿಂಡೋಸ್ ಹಾಕಿ ಮಾರಿದ ಯಂತ್ರವಾದರೆ, ವಿಂಡೋಸ್ 8ರಿಂದೀಚೆಗೆ ಅದರ ಕೀಲಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಮತ್ತೆ ಹಣ ತೆರಬೇಕಿಲ್ಲ.

ಎರಡನೆಯದು ಲಿನಕ್ಸ್. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಇದನ್ನು ಯಾರು ಬೇಕಾದರೂ ಕಾನೂನುಬದ್ಧವಾಗಿ ನಕಲು ಮಾಡಿ ಹಂಚಬಹುದು. ನನ್ನ 4 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ ಇದೆ. ಡೌನ್‌ಲೋಡ್ ಸುಮಾರು 3 ಜಿಬಿ, ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರಿಗೆ ಎರಡು ದಿನದ ಡೇಟಾ. ಅರ್ಜಿ, ರೆಸ್ಯೂಮೆ, ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಸಾಕು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನೂ ಅಳವಡಿಸಿಕೊಳ್ಳಬಹುದಾದ್ದರಿಂದ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ತೊಡಕಾಗದು. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಮಾತ್ರ ಹಾಕಿಕೊಳ್ಳಿ.

ಆದರೆ ಎಲ್ಲರಿಗೂ ಇದೇ ಮದ್ದು ಎನ್ನಲಾರೆ. ಬಿ.ಕಾಂ ಮುಗಿಸಿದವರಿಗೆ ಟ್ಯಾಲಿ ಬೇಕು. ಅದು ಓಡುವುದು ವಿಂಡೋಸ್‌ನಲ್ಲಿ. ಕಾಲೇಜಿನ ಲ್ಯಾಬ್‌ನಲ್ಲೂ, ಟೈಪಿಂಗ್ ತರಗತಿಯಲ್ಲೂ ಕಲಿಸುವುದು ಅದನ್ನೇ. ನಿಜವಾದ ಸಮಸ್ಯೆ ಇರುವುದು ಇಲ್ಲಿಯೇ. ಒಂದೇ ವ್ಯವಸ್ಥೆಯನ್ನು ಕಲಿಸಿ, ಕೆಲಸಕ್ಕೆ ಅದನ್ನೇ ಕೇಳಿ, ಅದರ ಬೆಲೆಯನ್ನು ಮಾತ್ರ ಬಡ ವಿದ್ಯಾರ್ಥಿಯ ತಲೆಗೆ ಕಟ್ಟಿದರೆ ಅವನು ಕಳ್ಳಪ್ರತಿಯತ್ತ ಹೋಗದೆ ಇನ್ನೇನು ಮಾಡಿಯಾನು?

ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅಲ್ಲಿ ಆಗುವುದು ಇಲ್ಲೇಕೆ ಆಗಬಾರದು? ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಎರಡೂ ವ್ಯವಸ್ಥೆಗಳನ್ನು ಕಲಿಸಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಎರವಲು ಸಿಗಲಿ. ನೇಮಕಾತಿಯಲ್ಲಿ ಅಭ್ಯರ್ಥಿಯ ಕೌಶಲವನ್ನು ಅಳೆಯಲಿ, ಅವನು ಬಳಸುವ ಬ್ರ್ಯಾಂಡನ್ನಲ್ಲ.