ಗೇಟಿನೊಳಗೊಂದು ಗೇಟು

ನಮ್ಮ ಯಲವಿಗಿಯಿಂದ ರೈಲು ಹತ್ತಿ ಬೆಂಗಳೂರು ಸೇರಿದ ಶಿಷ್ಯರಲ್ಲಿ ಕೆಲವರು ಈಗ ವಿಲ್ಲಾ ಕೊಳ್ಳುವಷ್ಟು ಬೆಳೆದಿದ್ದಾರೆ, ಸಂತೋಷ. ನೂರಾರು ಎಕರೆಯ ಟೌನ್‌ಶಿಪ್ಪಿನಲ್ಲಿ ಕೆರೆಯ ಮಗ್ಗುಲಿನ ಓಣಿ ಲೇಸೋ, ಕ್ಲಬ್ಬಿನ ಎದುರಿನದೋ ಎಂದು ಕೇಳುತ್ತಾರೆ.

ಚಿತ್ರಪಟಕ್ಕಿಂತ ಮೊದಲು ನೋಂದಣಿಯನ್ನು ನೋಡಿರಿ. 2016ರ ರೇರಾ ಕಾಯ್ದೆಯ ಪ್ರಕಾರ, ಹಂತ ಹಂತವಾಗಿ ಕಟ್ಟುವ ಬಡಾವಣೆಯಲ್ಲಿ ಪ್ರತಿ ಹಂತವೂ ಪ್ರತ್ಯೇಕ ಯೋಜನೆ. ನಿಮಗೆ ತೋರಿಸಿದ ಈಜುಕೊಳವು ಇನ್ನೂ ನೋಂದಣಿಯಾಗದ ಹಂತಕ್ಕೆ ಸೇರಿರಬಹುದು. ಇನ್ನು ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಸಿರಿವಂತ ಬಡಾವಣೆಗಳು ಟ್ಯಾಂಕರಿನ ದಾರಿ ಕಾದವು. ಕಾವೇರಿ ಕೊಳವೆ ಬಂದಿದೆಯೋ, ಬರಿಯ ಬೋರ್‌ವೆಲ್ಲೋ? ಅಮೃತಶಿಲೆಯ ಬಚ್ಚಲಿಗಿಂತ ಈ ಪ್ರಶ್ನೆ ದೊಡ್ಡದು.

ಗೇಟಿನೊಳಗೆ ಮತ್ತೊಂದು ಗೇಟು ಹಾಕಿದ ‘ವಿಶೇಷ’ ಓಣಿಗೆ ಹೆಚ್ಚು ಹಣ ತೆರುವುದು ನನಗಂತೂ ಒಪ್ಪದ ಮಾತು. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರವೂ ಯೋಜಿತ ಬಡಾವಣೆಯೇ. ಅಲ್ಲಿ ದೊಡ್ಡ ಬಂಗಲೆಗಳ ರಸ್ತೆಗೂ ಚಿಕ್ಕ ನಿವೇಶನಗಳ ರಸ್ತೆಗೂ ನಡುವೆ ಕಾವಲುಗಾರನಿಲ್ಲ. ನಾಲ್ಕನೆಯ ಬ್ಲಾಕಿನ ಪೇಟೆಗೆ ಯಾರು ಬೇಕಾದರೂ ಹೋಗಬಹುದು.

ಊರಿನಿಂದ ರೊಟ್ಟಿಬುತ್ತಿ ಕಟ್ಟಿಕೊಂಡು ಬರುವ ನಿಮ್ಮ ಅವ್ವ ಎರಡೆರಡು ಕಡೆ ಹೆಸರು ಬರೆಸಿ, ಮಗನ ಫೋನಿಗಾಗಿ ಬಿಸಿಲಲ್ಲಿ ನಿಲ್ಲಬೇಕೆ? ಮುಂಗಡ ಕೊಡುವ ಮೊದಲು ಒಮ್ಮೆ ಅವರನ್ನು ಕರೆದೊಯ್ದು ತೋರಿಸಿರಿ.