ವೃತ್ತಿಪರ ಸ್ನೂಕರ್: ಅಡ್ವಾಣಿ ಬಿಟ್ಟುಬಂದ ದಾರಿ

ಬೆಂಗಳೂರು: ಬಿಲಿಯರ್ಡ್ಸ್ ಮತ್ತು ಸ್ನೂಕರ್ ಸೇರಿ ನಗರದ ಪಂಕಜ್ ಅಡ್ವಾಣಿ 2024ರ ನವೆಂಬರ್‌ನಲ್ಲಿ ದೋಹಾದಲ್ಲಿ 28ನೇ ವಿಶ್ವ ಪ್ರಶಸ್ತಿ ಗೆದ್ದರು. ಆದರೆ ವೃತ್ತಿಪರ ಸ್ನೂಕರ್‌ನಲ್ಲಿ ಅವರು ಕಳೆದದ್ದು ಎರಡೇ ಋತು.

2012ರಲ್ಲಿ ಆ ವಲಯ ಪ್ರವೇಶಿಸಿದ ಅವರು, ಮರುವರ್ಷ ವೆಲ್ಷ್ ಓಪನ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ನರಾದ ಷಾನ್ ಮರ್ಫಿ ಹಾಗೂ ಗ್ರೇಮ್ ಡಾಟ್ ಅವರನ್ನು ಮಣಿಸಿ ಕ್ವಾರ್ಟರ್‌ಫೈನಲ್ ತಲುಪಿದ್ದರು. ರ‍್ಯಾಂಕಿಂಗ್ ಟೂರ್ನಿಯಲ್ಲಿ ಭಾರತೀಯನೊಬ್ಬ ಆ ಹಂತ ಮುಟ್ಟಿದ್ದು ಅದೇ ಮೊದಲು. 2014ರಲ್ಲಿ ಅವರು ತಾವಾಗಿಯೇ ಹಿಂದೆ ಸರಿದರು.

ಇದನ್ನು ಸೋಲೆಂದು ಬಗೆಯಲಾಗದು. ಅಲ್ಲಿ ಉಳಿಯಬೇಕಾದರೆ ವರ್ಷದ ಬಹುಭಾಗ ಬ್ರಿಟನ್ನಿನಲ್ಲೇ ನೆಲೆಸಬೇಕು, ಬಿಲಿಯರ್ಡ್ಸನ್ನು ಬದಿಗಿಡಬೇಕು. ಬಹುಮಾನದ ಹಣವೇ ಆಟಗಾರನ ಸಂಬಳ; ಆಗ ಮೊದಲ ಸುತ್ತಿನಲ್ಲೇ ಸೋತವನಿಗೆ ಪ್ರಯಾಣದ ಖರ್ಚೂ ಗಿಟ್ಟುತ್ತಿರಲಿಲ್ಲ. ಅಡ್ವಾಣಿಗಾದರೋ ಒಎನ್‌ಜಿಸಿಯ ನೌಕರಿಯ ಆಸರೆಯಿತ್ತು. ಅದಿಲ್ಲದ ಹುಡುಗನಿಗೆ ಹಿಂದಿರುಗಲು ಏನಿದೆ? 2010ರ ನಂತರದ ಮೂರು ಏಷ್ಯನ್ ಕ್ರೀಡಾಕೂಟಗಳಲ್ಲಿ ಸ್ನೂಕರ್‌ಗೆ ಸ್ಥಾನವೇ ಇರಲಿಲ್ಲ.