ಮನೆಯ ಮಾತನ್ನು ಆಡಬೇಕಾದವರು ಯಾರು?



ಕಳೆದ ಭಾನುವಾರ ಬೆಳಿಗ್ಗೆ, ಎರಡನೆಯ ಲೋಟ ಕಾಫಿ ಕೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದ ಹೊತ್ತಿನಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. ಬಡವರಿಗೆ ಮನೆ ಕಟ್ಟಿಸಿಕೊಡುವ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. (ಏಳನೆಯ ತರಗತಿಯಲ್ಲಿ ಸಂಧಿ ಬಿಡಿಸಲು ಬಾರದೆ ಬೆಂಚಿನ ಮೇಲೆ ನಿಂತವನು. ಹೆಸರು ಹೇಳುವುದಿಲ್ಲ, ಅವನ ಜೊತೆಯವರು ಊಹಿಸಿಕೊಳ್ಳುತ್ತಾರೆ.) "ಸಾರ್, ನಮ್ಮ ಸಂಸ್ಥೆಯ ವಾರ್ಷಿಕ ಸಮ್ಮೇಳನ ಇದೆ. ವಸತಿ ವಿಚಾರವಾಗಿ ಚೆನ್ನಾಗಿ ಮಾತಾಡುವವರು ಯಾರಾದರೂ ಬೇಕು. ನಿಮಗೆ ಯಾರಾದರೂ ಗೊತ್ತೇ?" ಎಂದು ಕೇಳಿದ. "ಯೋಚಿಸಿ ಹೇಳುತ್ತೇನಪ್ಪ" ಎಂದೆ. ಆ ಯೋಚನೆಯೇ ಈ ಬರಹವಾಗಿದೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಭೆಗೆ ನಾನು ಹೋಗಿದ್ದೆ. ಯಾವ ಸಂಸ್ಥೆಯದೆಂಬುದು ಇಲ್ಲಿ ಮುಖ್ಯವಲ್ಲ. ತಣ್ಣನೆಯ ಸಭಾಂಗಣ, ವೇದಿಕೆಯ ಮೇಲೆ ಐವರು ಗಣ್ಯರು. ಒಬ್ಬೊಬ್ಬರೂ ವಿದ್ವಾಂಸರು, ಸಜ್ಜನರು. ಅವರ ಕಳಕಳಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಮೂರು ಗಂಟೆಯ ಕಾಲ ಕೇಳಿದ ಮೇಲೆ, ಮೂವತ್ತನಾಲ್ಕು ವರ್ಷ ಕನ್ನಡ ವ್ಯಾಕರಣ ಹೇಳಿಕೊಟ್ಟ ನನ್ನ ಕಿವಿಗೆ ಒಂದು ಸಂಗತಿ ಚುಚ್ಚತೊಡಗಿತು. ಅಂದಿನ ಯಾವ ವಾಕ್ಯದಲ್ಲಿಯೂ ಮನೆಯಿಲ್ಲದವನು ಕರ್ತೃವಾಗಲಿಲ್ಲ. ಬಡವರಿಗೆ, ವಸತಿಹೀನರಿಗೆ, ಫಲಾನುಭವಿಗಳಿಗೆ ಎಂದು ಅವನು ಬೆಳಗಿನಿಂದ ಊಟದ ಹೊತ್ತಿನವರೆಗೆ ಚತುರ್ಥೀ ವಿಭಕ್ತಿಯಲ್ಲಿಯೇ ಕೈಯೊಡ್ಡಿ ನಿಂತಿದ್ದ. "ಕೈಗೆಟುಕುವ ವಸತಿ" ಎಂಬ ಮಾತು ನೂರು ಸಲವಾದರೂ ಬಂದಿರಬೇಕು. ಯಾರ ಕೈಗೆ ಎಂಬುದನ್ನು ಯಾರೂ ಹೇಳಲಿಲ್ಲ. ಕೊನೆಗೆ, ಬಸ್ಸಿನಲ್ಲಿ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದ ಇಬ್ಬರು ಹೆಂಗಸರನ್ನು ವೇದಿಕೆಗೆ ಕರೆದು, ಬೀಗದ ಕೈ ಕೊಟ್ಟು, ಛಾಯಾಚಿತ್ರ ತೆಗೆದರು. ಅವರಲ್ಲೊಬ್ಬಾಕೆ ಏನನ್ನೋ ಹೇಳಲು ಬಾಯಿ ತೆರೆದಂತೆ ನನಗೆ ಕಂಡಿತು. ಅಷ್ಟರಲ್ಲಿ ವಂದನಾರ್ಪಣೆ ಆರಂಭವಾಗಿತ್ತು.

ಈ ಸಂದರ್ಭದಲ್ಲಿ ನನಗೆ ಮೊದಲು ನೆನಪಾಗುವ ಹೆಸರು ಜೋಕಿನ್ ಅರ್ಪುತಂ ಅವರದು. ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ತಮಿಳು ಮನೆತನದ ಮಗ. ನಮ್ಮ ನಾಡಿನ ನೆಲದಲ್ಲಿ ಹುಟ್ಟಿ, ಜಗತ್ತಿನ ಕೊಳೆಗೇರಿಗಳೆಲ್ಲ ಗುರುತಿಸುವಂತೆ ಬೆಳೆದ ಈ ವ್ಯಕ್ತಿಯನ್ನು ನಾವು ಕನ್ನಡಿಗರು ಸಾಕಷ್ಟು ತಿಳಿದಿಲ್ಲವೆಂಬುದು ನನ್ನ ದೂರು. 1960ರ ದಶಕದಲ್ಲಿ, ಇನ್ನೂ ಹರೆಯದಲ್ಲಿಯೇ, ಮರಗೆಲಸದ ಕೈಯೊಂದನ್ನೇ ನಂಬಿ ಮುಂಬಯಿಗೆ ಹೋದವರು ಬೀದಿಯಲ್ಲಿ ಮಲಗಿ, ಕೊನೆಗೆ ಟ್ರಾಂಬೆಯ ಸಮೀಪದ ಜನತಾ ಕಾಲೊನಿಯಲ್ಲಿ ನೆಲೆ ಕಂಡರು.

ಅವರು ನಾಯಕರಾದ ಬಗೆ ಮೇಷ್ಟರಾದ ನನಗೆ ಬಹಳ ಪ್ರಿಯವಾದುದು. ಕಾಲೊನಿಯ ಕಸವನ್ನು ನಗರಸಭೆ ಎತ್ತಿಸುತ್ತಿರಲಿಲ್ಲ. ಅರ್ಜಿ ಬರೆದು ಬೇಸತ್ತ ಜೋಕಿನ್, ಅಲ್ಲಿನ ಮಕ್ಕಳನ್ನು ಕಲೆಹಾಕಿ, ಒಬ್ಬೊಬ್ಬರ ಕೈಗೂ ಕಾಗದದಲ್ಲಿ ಕಟ್ಟಿದ ಕಸದ ಪೊಟ್ಟಣ ಕೊಟ್ಟು, ಮೆರವಣಿಗೆಯಲ್ಲಿ ಕರೆದೊಯ್ದು ಅಧಿಕಾರಿಗಳ ಕಚೇರಿಯ ಮುಂದೆ ಸುರಿಸಿದರು. ಭಾಷಣವೇ ಇರಲಿಲ್ಲ. ನಮ್ಮ ಶಾಲೆಯ ಗಾಂಧೀ ಜಯಂತಿಯ ಶ್ರಮದಾನವನ್ನು ನೆನೆದಾಗಲೆಲ್ಲ, ಅಷ್ಟೊಂದು ಮಕ್ಕಳನ್ನು ಸಾಲಾಗಿ ನಡೆಸಿದ ಆ ಮನುಷ್ಯನ ಸಾಮರ್ಥ್ಯಕ್ಕೆ ನಾನು ಬೆರಗಾಗುತ್ತೇನೆ.

ಮುಂದೆ ಪಕ್ಕದ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ ಜನತಾ ಕಾಲೊನಿಯ ನೆಲ ಬೇಕಾಯಿತು. ಜೋಕಿನ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು, ದೆಹಲಿಗೆ ಹೋಗಿ ಕೂತರು. ಆದರೂ 1976ರ ಮೇ ತಿಂಗಳಿನಲ್ಲಿ, ತುರ್ತು ಪರಿಸ್ಥಿತಿಯ ನೆರಳಿನಲ್ಲಿ, ಸುಮಾರು 70 ಸಾವಿರ ಜನರಿದ್ದ ಆ ವಸತಿಯನ್ನು ನೆಲಸಮ ಮಾಡಿ ಎಲ್ಲರನ್ನೂ ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಬಂಧನದ ಭಯದಿಂದ ಅವರು ಕೆಲಕಾಲ ದೇಶವನ್ನೇ ಬಿಟ್ಟಿರಬೇಕಾಯಿತು. ಅಷ್ಟು ದೊಡ್ಡ ಸೋಲಿನ ಅನಂತರವೂ ಅವರು ಸುಮ್ಮನಾಗಲಿಲ್ಲ. ಆದರೆ ಹೋರಾಟದ ದಾರಿಯನ್ನು ಬದಲಿಸಿಕೊಂಡರು. ತಡೆಯಾಜ್ಞೆಯಿಂದ ಒಂದು ಗುಡಿಸಲು ಒಂದಿಷ್ಟು ದಿನ ಉಳಿದೀತೇ ಹೊರತು ಮನೆಯಾಗದು ಎಂಬುದನ್ನು ಅವರು ಕಂಡುಕೊಂಡಿದ್ದರು.

1984ರಲ್ಲಿ ಶೀಲಾ ಪಟೇಲ್ ಮತ್ತು ಅವರ ಗೆಳತಿಯರು ಮುಂಬಯಿಯಲ್ಲಿ ಸ್ಪಾರ್ಕ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮರುವರ್ಷ, 1985ರ ಜುಲೈ ತಿಂಗಳಿನಲ್ಲಿ, ಓಲ್ಗಾ ಟೆಲ್ಲಿಸ್ ಎಂಬ ಪತ್ರಕರ್ತೆಯ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಅದು ಸಾರಿತು. ಅದೇ ಉಸಿರಿನಲ್ಲಿ, ಮಳೆಗಾಲ ಕಳೆದ ಮೇಲೆ ಪಾದಚಾರಿ ದಾರಿಯ ಗುಡಿಸಲುಗಳನ್ನು ತೆಗೆಸಬಹುದೆಂದೂ ಹೇಳಿತು. ಬೈಕಲಾದ ಬೀದಿಬದಿಯ ಹೆಂಗಸರಿಗೆ ದಿಕ್ಕು ತೋಚಲಿಲ್ಲ. ಆಗ ಸ್ಪಾರ್ಕ್ ಮಾಡಿದ ಕೆಲಸವೆಂದರೆ ಎಣಿಕೆ. ಯಾವ ಪಟ್ಟಿಯಲ್ಲಿಯೂ ಇಲ್ಲದ ಸುಮಾರು ಆರು ಸಾವಿರ ಕುಟುಂಬಗಳನ್ನು ಎಣಿಸಿ, "ನಾವು ಅಗೋಚರರು" ಎಂಬ ಅರ್ಥದ ತಲೆಬರಹದಲ್ಲಿ ವರದಿಯಾಗಿ ಪ್ರಕಟಿಸಿದರು. ಇವರೆಲ್ಲ ಹೊಟ್ಟೆಪಾಡಿಗೆ ಬಂದು ಹೋಗುವ ಅಲೆಮಾರಿಗಳೆಂಬ ನಂಬಿಕೆ ಸುಳ್ಳಾಯಿತು. ಆ ಹೆಂಗಸರ ಗುಂಪೇ ಮಹಿಳಾ ಮಿಲನ್ ಆಯಿತು. ಜೋಕಿನ್ನರ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟವೂ ಜೊತೆಗೂಡಿತು. ದಿನಕ್ಕೆ ಒಂದೆರಡು ರೂಪಾಯಿಯ ಉಳಿತಾಯ, ಅದನ್ನು ಮನೆಮನೆಗೆ ಹೋಗಿ ಕೂಡಿಸುವ ನೆರೆಯವಳು, ಓದು ಬಾರದವಳ ನೆನಪಿನಲ್ಲಿಯೇ ಉಳಿಯುವ ಲೆಕ್ಕ, ಹೀಗೆ ಸಾಗಿತು ಕೆಲಸ.

ಈ ಎಣಿಕೆಯ ವಿಷಯದಲ್ಲಿ ನಾನು ತುಸು ಹೊತ್ತು ನಿಲ್ಲಬೇಕು. ನನಗೆ ಅದು ಬರಿಯ ಓದಿನ ವಿಷಯವಲ್ಲ.

1990ರ ದಶಕದ ಆದಿಯಲ್ಲಿ ನಾನು ಮಲೆನಾಡಿನ ಅಂಚಿನ ಊರೊಂದರ ಶಾಲೆಯಲ್ಲಿದ್ದೆ. ಜನಗಣತಿಯಿಂದ ಹಿಡಿದು ಚುನಾವಣೆಯವರೆಗೆ ಮೇಷ್ಟರನ್ನು ಅಟ್ಟದ ಕೆಲಸವಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ಮನೆಯಿಲ್ಲದವರ ಪಟ್ಟಿ ಮಾಡುವ ಹೊಣೆಯೂ ನನ್ನ ಪಾಲಿಗೆ ಬಂತು. ಕೆರೆ ಏರಿಯ ಹಿಂದೆ ಐದಾರು ಗುಡಿಸಲುಗಳಿದ್ದವು. ಕೊನೆಯದರಲ್ಲಿ ಗಂಡನಿಲ್ಲದ ಹೆಂಗಸೊಬ್ಬಳು ಇಬ್ಬರು ಮಕ್ಕಳೊಡನೆ ಇದ್ದಳು. ಹಿರಿಯ ಹುಡುಗಿ ನನ್ನ ಆರನೆಯ ತರಗತಿಯಲ್ಲಿಯೇ ಓದುತ್ತಿದ್ದಳು. ನಾನು ಹೋದಾಗ ಯಾರೂ ಇರಲಿಲ್ಲ. ಅದು ಕಾಫಿ ಕುಯ್ಲಿನ ಕಾಲ, ತೋಟದ ಕೂಲಿಗೆ ಹೋಗಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ಮೂರು ವಾರದಿಂದ ಗೈರುಹಾಜರಿ ಗುರುತು ಹಾಕುತ್ತಿದ್ದವನು ನಾನೇ. ನಮೂನೆಯಲ್ಲಿ "ಬೀಗ ಹಾಕಿದೆ" ಎಂದು ಬರೆದು ಮುಂದೆ ನಡೆದೆ. ಬಿಸಿಲಾಗಿತ್ತು, ಇನ್ನೂ ನಲವತ್ತು ಮನೆ ಉಳಿದಿತ್ತು. ನಿಜವಾಗಿ ಆ ಗುಡಿಸಲಿಗೆ ಬೀಗವೇ ಇರಲಿಲ್ಲ. ತಡಿಕೆಗೆ ಹಗ್ಗ ಬಿಗಿದಿತ್ತು, ಅಷ್ಟೆ.

ಪಟ್ಟಿ ಮಂಜೂರಾಗಿ ಬಂದು ಓದಿದ ದಿನ ಆ ತಾಯಿ ನನ್ನೆದುರು ನಿಂತು ಕೇಳಿದ ಮಾತು ಇದು: "ಮೇಷ್ಟ್ರೇ, ದಿನಾ ನನ್ ಮಗಳ ಹೆಸರು ಕೂಗ್ತೀರಲ್ಲ. ನಮ್ ಮನೆ ಎಲ್ಲೈತೆ ಅನ್ನೋದು ನಿಮಗೆ ಗೊತ್ತಿರ್ಲಿಲ್ವಾ?" ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ. ಹೆಸರು ಸೇರಿಸಲು ನಾನು ಆಮೇಲೆ ಎರಡು ಸಲ ತಾಲ್ಲೂಕಿಗೆ ಅಲೆದೆ, ಆಗಲಿಲ್ಲ. ಮರುವರ್ಷ ಅವರು ಊರು ಬಿಟ್ಟರು. ಹುಡುಗಿ ವರ್ಗಾವಣೆ ಪತ್ರವನ್ನೂ ಕೇಳಲಿಲ್ಲ.

ಬಡಾವಣೆಯ ಜನ ತಮ್ಮನ್ನು ತಾವೇ ಎಣಿಸಿಕೊಳ್ಳುವ ಪದ್ಧತಿಯನ್ನು ಜೋಕಿನ್ ಮತ್ತು ಅವರ ಸಂಗಾತಿಗಳು ಹೇಗೆ ಬೆಳೆಸಿದರೆಂಬುದನ್ನು ಎಷ್ಟೋ ವರ್ಷಗಳ ಅನಂತರ ಓದಿದಾಗ ನನಗೆ ಆ ದಿನದ ಬಿಸಿಲು ನೆನಪಾಯಿತು. ಅವರ ಕ್ರಮದಲ್ಲಿ ಪ್ರತಿ ಗುಡಿಸಲಿಗೂ ಸಂಖ್ಯೆ ಬರೆಯುವವರು, ನಕ್ಷೆ ಎಳೆಯುವವರು, ಬರೆದುಕೊಳ್ಳುವವರು ಎಲ್ಲ ಕೊಳೆಗೇರಿಯವರೇ. ಸಿದ್ಧವಾದ ಪಟ್ಟಿ ಮತ್ತೆ ಅದೇ ಜನರ ಮುಂದೆ ಬರಬೇಕು, ತಪ್ಪಿದ್ದರೆ ಅವರೇ ತಿದ್ದಬೇಕು. ಪಕ್ಕದ ಗುಡಿಸಲಿನವಳು ಬರೆಯುತ್ತಿದ್ದರೆ "ಬೀಗ ಹಾಕಿದೆ" ಎಂದು ಬರೆದಾಳೆಯೇ? ಆ ಮನೆಯವರು ಯಾವ ತೋಟಕ್ಕೆ ಹೋಗಿದ್ದಾರೆ, ಎಂದು ಬರುತ್ತಾರೆ, ಹೋಗುವಾಗ ಕೋಳಿಗಳನ್ನು ಯಾರ ವಶಕ್ಕೆ ಕೊಟ್ಟಿದ್ದಾರೆ ಎಂಬುದೂ ಅವಳಿಗೆ ತಿಳಿದಿರುತ್ತದೆ.

ಮನೆಯ ಅಳತೆಯ ವಿಷಯದಲ್ಲಿಯೂ ಮಹಿಳಾ ಮಿಲನ್‌ನವರು ಇದೇ ದಾರಿ ಹಿಡಿದರು. ತಾವು ಉಟ್ಟ ಸೀರೆಯನ್ನೇ ಅಳತೆಗೋಲು ಮಾಡಿಕೊಂಡು ಕೋಣೆಯ ಉದ್ದಗಲ ಯೋಚಿಸಿದರು. ಮನೆಯ ನಿಜಗಾತ್ರದ ಮಾದರಿಯನ್ನು ಬಯಲಿನಲ್ಲಿ ನಿಲ್ಲಿಸಿ, ಒಳಹೊಕ್ಕು ನೋಡಿ, ಚರ್ಚಿಸಿದರು. ಹದಿನಾಲ್ಕು ಅಡಿ ಎತ್ತರವಿಟ್ಟರೆ ಒಳಗೊಂದು ಅಟ್ಟ ಬರುತ್ತದೆ, ಸಣ್ಣ ಜಾಗದಲ್ಲಿಯೇ ಮಲಗಲು ಎಡೆಯಾಗುತ್ತದೆ ಎಂಬ ಆಲೋಚನೆ ಅವರದು. ನಮ್ಮ ಕಡೆ ಸರ್ಕಾರ ಕಟ್ಟಿಸಿಕೊಟ್ಟ ಸಾಲುಮನೆಗಳಲ್ಲಿ ಒಲೆಯನ್ನು ಹೊರಗೆ ಹೂಡಿ, ಒಳಗೆ ಹುಲ್ಲು ಒಟ್ಟಿದ್ದನ್ನು ನಾನು ಕಂಡಿದ್ದೇನೆ. "ಈ ಜನಕ್ಕೆ ಮನೆಯಲ್ಲಿ ಇರುವುದೂ ಗೊತ್ತಿಲ್ಲ" ಎಂದು ಆಗ ನಕ್ಕವರ ಜೊತೆ ನಾನೂ ನಕ್ಕಿರಬಹುದು. ಹೊಗೆ ಹೋಗಲು ದಾರಿಯಿಲ್ಲದ ಮನೆಯೊಳಗೆ ಅಡಿಗೆ ಮಾಡುವುದು ಹೇಗೆಂದು ನಕ್ಷೆ ಬರೆದವರನ್ನು ನಾವು ಯಾರೂ ಕೇಳಲಿಲ್ಲ.

ಓದಿದವರಿಗೆ ಇಲ್ಲಿ ಕೆಲಸವಿಲ್ಲವೆಂದು ನಾನು ಹೇಳುತ್ತಿಲ್ಲ. ಲಾರಿ ಬೇಕರ್ ಅವರನ್ನೇ ನೋಡಿ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ, ಮನೆ ಕಟ್ಟುವ ಸಾಮಗ್ರಿಯೆಲ್ಲ ಐದು ಮೈಲಿಯ ಒಳಗೇ ದೊರೆಯುವಂತಿರಬೇಕೆಂದು ಗಾಂಧೀಜಿ ಹೇಳಿದ್ದನ್ನು ಬದುಕಿನುದ್ದಕ್ಕೂ ನೆನೆಯುತ್ತಿದ್ದರು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿದರೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆಂದು ಕಟ್ಟಿಯೇ ತೋರಿಸಿದರು. ಛಾವಣಿಯ ಕಾಂಕ್ರೀಟಿನ ನಡುವೆ ನಮ್ಮ ಮಂಗಳೂರು ಹೆಂಚನ್ನು ತುಂಬಿ ಸಿಮೆಂಟಿನ ಖರ್ಚು ಇಳಿಸಿದರು. ಅವರ ಮಾತು ವೇದಿಕೆಯದಾಗಿರಲಿಲ್ಲ. ಗಾರೆಯವರ ಪಕ್ಕದಲ್ಲಿ ನಿಂತು ಆಡಿದ್ದು, ತಾವೇ ಚಿತ್ರ ಬರೆದ ಸಣ್ಣ ಹೊತ್ತಗೆಗಳಲ್ಲಿ ಹೇಳಿದ್ದು. 1985ರಲ್ಲಿ ಮಾಜಿ ಮುಖ್ಯಮಂತ್ರಿ ಅಚ್ಯುತ ಮೆನನ್, ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಮೊದಲಾದವರೊಡನೆ ಸೇರಿ ಅವರು ಕಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆ ಅದೇ ದಾರಿಯಲ್ಲಿ ನಡೆಯಿತು. ನಮ್ಮಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ 1974ರಲ್ಲಿ ಆರಂಭವಾದ ಅಸ್ತ್ರದ ವಿಜ್ಞಾನಿಗಳು ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯ ಬಗ್ಗೆ ವರ್ಷಗಟ್ಟಲೆ ದುಡಿದಿದ್ದಾರೆ.

ಇನ್ನು ಮಾತಿನ ಬಲದಿಂದಲೇ ಮನೆ ಕಟ್ಟಿಸಿದವರೂ ಇದ್ದಾರೆ. ಅಮೆರಿಕದ ಮಿಲಾರ್ಡ್ ಫುಲ್ಲರ್ ತಮ್ಮ ಸಂಪತ್ತನ್ನೆಲ್ಲ ಕೊಟ್ಟುಬಿಟ್ಟು 1976ರಲ್ಲಿ ಪತ್ನಿಯೊಡನೆ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸ್ಥಾಪಿಸಿದರು. ಮನೆ ಪಡೆಯುವವರೂ ಕಟ್ಟುವಾಗ ಬೆವರು ಸುರಿಸಬೇಕು, ಪಡೆದ ಸಾಲವನ್ನು ಬಡ್ಡಿಯಿಲ್ಲದೆ ತೀರಿಸಬೇಕು ಎಂಬುದು ಅಲ್ಲಿನ ನಿಯಮವಾಗಿತ್ತು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಸುತ್ತಿಗೆ ಹಿಡಿದು ಅವರ ಜೊತೆಗೂಡಿದರು. 2006ರಲ್ಲಿ ನಮ್ಮ ಲೋನಾವಳದ ಬಳಿಗೂ ಬಂದು ಕಟ್ಟಿದರು. ದೊಡ್ಡವರು ಬಂದರೆ ಪತ್ರಿಕೆಯವರು ಬರುತ್ತಾರೆ, ಹಣ ಬರುತ್ತದೆ. ಅದನ್ನು ಹಗುರವಾಗಿ ಕಾಣಲಾರೆ. ಶೀಲಾ ಪಟೇಲರಂಥವರು ಇರದಿದ್ದರೆ ಬೈಕಲಾದ ಹೆಂಗಸರ ಲೆಕ್ಕ ಕಚೇರಿಗಳ ಭಾಷೆಗೆ ತಿರುಗುತ್ತಲೂ ಇರಲಿಲ್ಲ. ಆದರೆ ಆ ಭಾಷಾಂತರಕಾರರು ಮೂಲ ಕವಿಯನ್ನು ಪಕ್ಕದಲ್ಲಿಯೇ ಕೂರಿಸಿಕೊಂಡಿದ್ದರು. ಜೋಕಿನ್ನರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂತು. 2018ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಅವರ ದಾರಿಯೂ ನಿಷ್ಕಳಂಕವೆಂದು ನಾನು ವಾದಿಸುವುದಿಲ್ಲ. ವಿಶ್ವಬ್ಯಾಂಕಿನ ಸಾಲದಿಂದ ನಡೆದ ಮುಂಬಯಿಯ ಸಾರಿಗೆ ಯೋಜನೆಗಾಗಿ ರೈಲುಹಳಿಯ ಬದಿಯ ಸಾವಿರಾರು ಕುಟುಂಬಗಳನ್ನು ಬೇರೆಡೆಗೆ ಸಾಗಿಸುವಾಗ ಈ ಸಂಘಟನೆಗಳು ಸರ್ಕಾರದೊಡನೆ ಕೈಜೋಡಿಸಿದವು. ಯೋಜನೆಯಿಂದ ಬಾಧಿತರಾದವರಲ್ಲಿ ಕೆಲವರಿಂದ 2004ರಲ್ಲಿ ವಿಶ್ವಬ್ಯಾಂಕಿನವರೆಗೂ ದೂರು ಹೋಯಿತು. ಕೆಡಹುವವರೊಡನೆ ಕೂತು ಮಾತಾಡುವುದು ತಪ್ಪೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಅಲ್ಲ. ಅಲ್ಲಿ ಕೂತವನಿಗೆ ತನ್ನ ಕೇರಿಯ ಪ್ರತಿ ಬಾಗಿಲೂ ಗೊತ್ತಿದ್ದರೆ.

ಆದುದರಿಂದ, ಅಪ್ಪಾ, ನೀನು ಕೇಳಿದ್ದಕ್ಕೆ ನನ್ನ ಸಲಹೆ ಇಷ್ಟು. ಈ ಸಲ ಮುಖ್ಯ ಭಾಷಣಕ್ಕೆ ಹೊರಗಿನವರನ್ನು ಹುಡುಕಬೇಡ. ನೀವು ಈಚೆಗೆ ಮನೆ ಕೊಟ್ಟವರಲ್ಲಿ ಇಬ್ಬರನ್ನೂ, ಅರ್ಜಿ ಹಾಕಿಯೂ ಸಿಗದವರಲ್ಲಿ ಇಬ್ಬರನ್ನೂ ವೇದಿಕೆಯ ಮೇಲೆ ಕೂರಿಸು. ಮೊದಲಿಬ್ಬರು ಒಲೆಯ ವಿಷಯ, ನೀರಿನ ವಿಷಯ, ಕೂಲಿಗೆ ಹೋಗುವ ಬಸ್ಸಿನ ವಿಷಯ ಹೇಳಲಿ. ಇನ್ನಿಬ್ಬರು ತಮ್ಮ ಹೆಸರು ಯಾವ ಹಂತದಲ್ಲಿ ಬಿಟ್ಟುಹೋಯಿತೆಂದು ಹೇಳಲಿ. ಅಂದು ಅವರ ದಿನಗೂಲಿ ತಪ್ಪುತ್ತದೆ. ಅದನ್ನು ಲೆಕ್ಕ ಹಾಕಿ ಕೊಡು, ಶಾಲು ಹೊದಿಸಿ ಕಳಿಸಬೇಡ. ಗಣ್ಯರು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳಲಿ. ನನ್ನನ್ನು ಅಧ್ಯಕ್ಷತೆಗೆ ಕರೆಯುವ ಯೋಚನೆ ನಿನಗಿದ್ದರೆ ಬಿಟ್ಟುಬಿಡು. ಕೇಳಲು ಮಾತ್ರ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸಾಕು.

ಇನ್ನೊಂದು ಮಾತು, ಇದು ಆ ಕೆರೆ ಏರಿಯ ಊರಿನ ಶಾಲೆಯಲ್ಲಿ ಓದಿದವರಿಗೆ. ಆ ಹುಡುಗಿ ನಿಮ್ಮ ಜೊತೆಯವಳು. ಕಿಟಕಿಯ ಪಕ್ಕ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದಳು, ಪದ್ಯವನ್ನು ಚೆನ್ನಾಗಿ ರಾಗವಾಗಿ ಓದುತ್ತಿದ್ದಳು. ಈಗ ನಲವತ್ತು ದಾಟಿರಬೇಕು. ಸಕಲೇಶಪುರದ ಕಡೆ ಹೋದರೆಂದು ಅಂದು ಯಾರೋ ಹೇಳಿದ್ದರು. ಅವಳೋ ಅವಳ ತಾಯಿಯೋ ಎಲ್ಲಿದ್ದಾರೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ನನಗೆ ಒಂದು ಸಾಲು ಬರೆಯಿರಿ. ಹೋಗಿಬರುವಷ್ಟು ಶಕ್ತಿ ಕಾಲಿನಲ್ಲಿ ಇನ್ನೂ ಇದೆ.